ಮೋಡ ಕವಿದ ದಿನ ನಿಲ್ಲುವ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ಕಣ್ಣು ಮುಚ್ಚಿದಾಗ ಸೊಸೆ ಒಂದು ಆಸ್ಪತ್ರೆಯ ಎರಡನೇ ಮಹಡಿಗೆ ಹತ್ತುತ್ತಿದ್ದಳು. ಆ ಆಸ್ಪತ್ರೆಯನ್ನು ಇನ್ನೂ ಕಟ್ಟಿರಲಿಲ್ಲ, ಪಾಯವನ್ನೂ ತೋಡಿರಲಿಲ್ಲ. ಕಟ್ಟುವ ಮೊದಲೇ ಕಟ್ಟಡದೊಳಗೆ ಓಡಾಡಿದಂತೆ ಕಾಣುವ ಚಿತ್ರಗಳನ್ನು ಮಾಡುವುದು ಅವಳ ಕೆಲಸ. ಯಾವ ಕಿಟಕಿಯಿಂದ ಎಷ್ಟು ಬಿಸಿಲು ಬೀಳುತ್ತದೆ, ಒರೆಸಿದ ನೆಲ ಹೇಗೆ ಹೊಳೆಯುತ್ತದೆ ಎಂದು ಲೆಕ್ಕ ಹಾಕುತ್ತ ಲ್ಯಾಪ್‌ಟಾಪ್ ಗಂಟೆಗಟ್ಟಲೆ ದುಡಿಯಬೇಕು. ಅದಕ್ಕೆಂದೇ ಕಚೇರಿಯವರು ಎಮ್ಮೆಯಂಥ ಒಂದು ಲ್ಯಾಪ್‌ಟಾಪ್ ಕೊಟ್ಟಿದ್ದರು. ಇಟ್ಟಿಗೆಯಷ್ಟು ದಪ್ಪದ ಚಾರ್ಜರ್ ಇಲ್ಲದೆ ಅದು ಏಳುತ್ತಿರಲಿಲ್ಲ.

"ಹೋಯ್ತಾ?" ಬೆನ್ನ ಹಿಂದಿನಿಂದ ಅತ್ತೆ ಕೇಳಿದರು.

"ಹೋಯ್ತು."

"ಪಾಪ, ಅದಕ್ಕೂ ವಯಸ್ಸಾಯ್ತೇನೋ."

"ಇನ್ನೂ ಹಲ್ಲು ಹುಟ್ಟೋ ವಯಸ್ಸು ಅತ್ತೆ ಅದಕ್ಕೆ."

ಅತ್ತೆಯ ಮಂಚ ನಡುಮನೆಯಲ್ಲಿತ್ತು. ಮೊಣಕಾಲಿನ ಆಪರೇಷನ್ ಆದಮೇಲೆ ಅವರನ್ನು ಒಳಕೋಣೆಯಲ್ಲಿ ಒಬ್ಬರನ್ನೇ ಬಿಡುವಂತಿರಲಿಲ್ಲ. ಹಾಗಾಗಿ ಸೊಸೆಯ ಮೇಜೂ ಅಲ್ಲಿಗೇ ಬಂತು. ಮೇಜಿಗೂ ಮಂಚಕ್ಕೂ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ಚಾರ್ಜರ್ ಅಲ್ಲೇ ನೆಲದ ಮೇಲೆ ಬಿದ್ದಿರುತ್ತಿತ್ತು. ಸೊಸೆ ಕಿವಿಗೆ ಹೆಡ್‌ಫೋನ್ ಹಾಕಿ ಗೋಡೆಗೆ ಮುಖ ಮಾಡಿ ಕೂತರೆ, ಅತ್ತೆ ಅವಳ ಜಡೆ ನೋಡುತ್ತ ಮಲಗಿರುತ್ತಿದ್ದರು. ಎಬ್ಬಿಸಿ ಕೂರಿಸುವುದು, ಗುಳಿಗೆ ಕೊಡುವುದು, ಬಚ್ಚಲಿಗೆ ಕರೆದುಕೊಂಡು ಹೋಗುವುದು, ಎಲ್ಲವೂ ಕೆಲಸದ ನಡುನಡುವೆ ನಡೆಯುತ್ತಿತ್ತು. ಹೇಗೋ ಬಂಡಿ ಸಾಗುತ್ತಿತ್ತು. ಈ ಲ್ಯಾಪ್‌ಟಾಪ್ ಮುಷ್ಕರ ಹೂಡುವ ತನಕ.

ಹಾಗೆ ನಿಂತದ್ದು ಇದೇ ಮೊದಲಲ್ಲ. ಕಚೇರಿಗೆ ಕಳಿಸಿದರೆ ಅಲ್ಲಿನ ಟೆಕ್ನೀಷಿಯನ್ ಅದನ್ನು ಬಿಚ್ಚಿ, ಫ್ಯಾನಿನ ಧೂಳು ಊದಿ, ಒಳಗಿನ ಚಿಪ್‌ಗೆ ಶಾಖ ಇಳಿಸುವ ಹೊಸ ಪೇಸ್ಟ್ ಹಚ್ಚಿ, ಇಡೀ ದಿನ ಓಡಿಸಿ ನೋಡಿದ್ದ. ಒಮ್ಮೆಯೂ ನಿಲ್ಲಲಿಲ್ಲ. ಡಾಕ್ಟರ ಬಾಗಿಲಲ್ಲಿ ಜ್ವರ ಇಳಿಯುವ ಮಕ್ಕಳ ಹಾಗೆ. "ಗುಂಡುಕಲ್ಲಿನ ಹಾಗಿದೆ ಮೇಡಂ, ನಿಮ್ಮ ಮನೆ ಕರೆಂಟ್ ನೋಡ್ಸಿ," ಎಂದು ವಾಪಸು ಕಳಿಸಿದ.

ಮನೆಗೆ ಬಂದಮೇಲೆ ಇವತ್ತು ಮತ್ತೆ ನಿಂತಿತು. ಸೊಸೆಯ ಮೇಲಧಿಕಾರಿ ಫೋನಿನಲ್ಲಿ ದನಿ ಏರಿಸಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಮುಂದಿನ ವಾರ ಆಸ್ಪತ್ರೆಯವರಿಗೆ ತೋರಿಸ್ಬೇಕು. ಇನ್ನೊಂದು ಸಲ ನಿಂತರೆ ಮೆಷಿನ್ ಎತ್ಕೊಂಡು ಇಲ್ಲಿಗೇ ಬಂದ್ಬಿಡಿ. ಇನ್ನು ಇಲ್ಲೇ ಕೂತು ಮಾಡಿ."

ಅಂದರೆ ಅತ್ತೆ ನಾದಿನಿಯ ಮನೆಗೆ ಹೋಗಬೇಕು. ನಾದಿನಿಯ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಒಮ್ಮೆ ಹತ್ತಿಸಿದರೆ ಕಾಲು ಕೂಡುವ ತನಕ ಇಳಿಸುವಂತಿಲ್ಲ. ನಾದಿನಿಯೂ ಕೆಲಸಕ್ಕೆ ಹೋಗುವವಳು, ಹಗಲೆಲ್ಲ ಮನೆ ಖಾಲಿ.

"ಹೋಗ್ತೀನಿ ಬಿಡು, ಅವಳೂ ನಾನು ಹೆತ್ತವಳೇ ತಾನೆ," ಎಂದರು ಅತ್ತೆ. ಹಾಗೆಂದು ಹೊದ್ದ ಕಂಬಳಿಯ ಅಂಚನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

ಸಂಜೆ ಬಂದ ಗಂಡ ಬಸ್ ಡ್ರೈವರ್. ಅವನ ಲೋಕದಲ್ಲಿ ಎಲ್ಲ ರೋಗಕ್ಕೂ ಒಂದೇ ಮದ್ದು.

"ನಮ್ಮ ಬಸ್ಸಿಗೂ ಹೀಗೇ ಆಗುತ್ತೆ. ಬಾನೆಟ್ ಎತ್ತಿ ಒಂದು ಬಿಂದಿಗೆ ನೀರು ಹುಯ್ದರೆ ಆಯ್ತು."

"ಹುಯ್ಯಿರಿ, ಯಾರು ಬೇಡ ಅಂದ್ರು? ಆಮೇಲೆ ನಿಮ್ಮ ಕಂಡಕ್ಟರ್‌ನ ಕೂರಿಸ್ಕೊಂಡು ಆಸ್ಪತ್ರೆ ಚಿತ್ರ ಬರೀರಿ."

"ಅವನು ಬರೆದರೆ ಆಸ್ಪತ್ರೆಗೆ ಫುಟ್‌ಬೋರ್ಡ್ ಇರುತ್ತೆ ಅಷ್ಟೆ," ಎಂದು ಅತ್ತೆ ಮಂಚದಿಂದಲೇ ಸೇರಿಸಿದರು.

ಮಾರನೆಯ ದಿನ ಬೀದಿಯ ತಿರುವಿನ ಎಲೆಕ್ಟ್ರಿಷಿಯನ್ ಬಂದ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಬೆರಳಿಗೆ ಜುಮ್ ಎನ್ನುತ್ತದೆ ಎಂದು ಸೊಸೆ ಹೇಳಿದಳು. ಅವನು ಎಕ್ಸ್‌ಟೆನ್ಷನ್ ಬೋರ್ಡ್ ಬಿಚ್ಚಿ, ಅರ್ತ್ ತಂತಿ ಕಿತ್ತು ಬಂದಿರುವುದನ್ನು ತೋರಿಸಿದ. "ಸಿಕ್ಕಿಬಿಟ್ಟ ಕಳ್ಳ, ನೋಡಿ ಅಕ್ಕಾ!" ಹೊಸ ಬೋರ್ಡ್ ಹಾಕಿದ, ಮೀಟರ್ ಹಿಡಿದು ನೋಡಿದ, ಎಲ್ಲ ಸರಿ. ಜುಮ್ ಎನ್ನುವುದೂ ನಿಂತಿತು.

ಆಮೇಲೆ ಕೆಲವು ದಿನ ಸುಡುಬಿಸಿಲು. ನಡುಮನೆ ಒಲೆಯಂತಾದರೂ ಲ್ಯಾಪ್‌ಟಾಪ್ ಉಸಿರೆತ್ತದೆ ದುಡಿಯಿತು. ಕಳ್ಳ ಸಿಕ್ಕಿದ್ದಾನೆಂದು ಸೊಸೆಯೂ ನಂಬಿದಳು. ಶನಿವಾರ ಮೋಡ ಮುಚ್ಚಿ ತಣ್ಣನೆ ಗಾಳಿ ಬೀಸಿತು. ಮಧ್ಯಾಹ್ನ ಆಸ್ಪತ್ರೆಯ ಮೊದಲ ಮಹಡಿಯಲ್ಲೇ ಪರದೆ ಕಪ್ಪಾಯಿತು. ಕಚೇರಿಗೆ ರಜೆ ಇದ್ದುದರಿಂದ ಇದು ಯಾರಿಗೂ ಗೊತ್ತಾಗಲಿಲ್ಲ. ಅವಳೂ ತಿಳಿಸಲಿಲ್ಲ.

ಅವಳು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದಳು. "ಬಿಸಿಲಲ್ಲಿ ಚೆನ್ನಾಗಿರುತ್ತೆ, ಚಳಿಯಾದ್ರೆ ನಿಲ್ಲುತ್ತೆ."

"ಉಲ್ಟಾ ಹೇಳ್ತಿದೀರ ಅಕ್ಕಾ. ಬಿಸಿಯಾದ್ರೆ ನಿಲ್ಬೇಕು."

"ನಾನು ಹೇಳ್ತಿರೋದು ಸೀದಾನೇ. ಅದೇ ಉಲ್ಟಾ ನಡೀತಿರೋದು."

ಭಾನುವಾರವೂ ಮೋಡ. ಗಂಡ ಡ್ಯೂಟಿಗೆ ಹೋಗಿದ್ದ. ಸೊಸೆ ಇವತ್ತು ಇದರ ಹಣೆಬರಹ ನೋಡಿಯೇ ಬಿಡುವುದೆಂದು ಕೂತಳು. ಸಾರು ಕೆಟ್ಟಾಗ ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಸುರಿದರೆ ಯಾವುದು ಸರಿಮಾಡಿತೆಂದು ತಿಳಿಯುವುದಿಲ್ಲ. ಒಂದೊಂದಾಗಿ ಹಾಕಿ ರುಚಿ ನೋಡಬೇಕು. ಮೊದಲು ಲ್ಯಾಪ್‌ಟಾಪಿನ ಕೆಳಗೆ ಎರಡು ಮರದ ತುಂಡು ಇಟ್ಟು ಗಾಳಿಯಾಡಲು ಬಿಟ್ಟಳು. ನಿಂತಿತು. ಬೋರ್ಡ್ ಬಿಟ್ಟು ನೇರ ಗೋಡೆಯ ಸಾಕೆಟ್ಟಿಗೆ ಹಾಕಿದಳು. ನಿಂತಿತು. ಮೇಲಿನ ಫ್ಯಾನ್ ಜೋರಾಗಿ ಹಾಕಿದಳು. ಅತ್ತೆ ಕಂಬಳಿಯನ್ನು ಗಲ್ಲದ ತನಕ ಎಳೆದುಕೊಂಡರು. ಈ ಸಲ ಲ್ಯಾಪ್‌ಟಾಪ್ ಇನ್ನೂ ಬೇಗ ನಿಂತಿತು.

ಮನೆ ತಣ್ಣಗಾದಷ್ಟೂ ಬೇಗ ನಿಲ್ಲುವ ಯಂತ್ರವನ್ನು ಅವಳು ಕಂಡಿರಲಿಲ್ಲ, ಕೇಳಿರಲಿಲ್ಲ.

ಕೊನೆಗೆ ಅನ್ನಕ್ಕಿಟ್ಟು ಬಂದು, ಹೆಡ್‌ಫೋನ್ ತೆಗೆದಿಟ್ಟು, ಚಿತ್ರದ ಕಡೆ ನೋಡದೆ, ಬರೀ ಶಾಖ ತೋರಿಸುವ ಅಂಕಿಗಳನ್ನು ನೋಡುತ್ತ ಕೂತಳು. ಅಂಕಿ ಏರಲಿಲ್ಲ. ಒಳಗೆ ಯಂತ್ರ ಹದವಾಗಿಯೇ ಇತ್ತು. ಆದರೆ ಪರದೆಯ ಮೂಲೆಯಲ್ಲಿದ್ದ ಪ್ಲಗ್ಗಿನ ಗುರುತು ಇದ್ದಕ್ಕಿದ್ದಂತೆ ಮಾಯವಾಯಿತು. ಅಂದರೆ ಕರೆಂಟ್ ಬರುತ್ತಿಲ್ಲ. ಇಷ್ಟು ಹೊರೆಯನ್ನು ಬ್ಯಾಟರಿ ಒಂದೇ ಹೊರಲಾರದು, ಅದಕ್ಕೇ ಕೈಚೆಲ್ಲುತ್ತಿದೆ. ರೋಗ ಲ್ಯಾಪ್‌ಟಾಪಿನದಲ್ಲ, ಚಾರ್ಜರಿನದು. ವಿಪರೀತ ಕಾದರೆ ಚಾರ್ಜರ್ ತನ್ನನ್ನು ಕಾಪಾಡಿಕೊಳ್ಳಲು ಕರೆಂಟ್ ಕೊಡುವುದನ್ನು ನಿಲ್ಲಿಸುತ್ತದೆ. ತಣ್ಣನೆಯ ನೆಲದ ಮೇಲೆ ಬಿದ್ದಿರುವುದು ಅಷ್ಟು ಕಾಯುವುದಾದರೂ ಹೇಗೆ? ಮುಟ್ಟಿ ನೋಡೋಣವೆಂದು ಬಗ್ಗಿದಳು.

ನೆಲದ ಮೇಲೆ ಚಾರ್ಜರ್ ಇರಲಿಲ್ಲ.

ಲ್ಯಾಪ್‌ಟಾಪಿನಿಂದ ಹೊರಟ ತಂತಿಯನ್ನು ಬೆರಳಲ್ಲಿ ಹಿಡಿದು ಹೋದಳು. ತಂತಿ ಮೇಜಿನಿಂದ ಇಳಿದು, ಮಂಚದ ಕಾಲಿನ ಪಕ್ಕ ಮೇಲೇರಿ, ಕಂಬಳಿಯೊಳಗೆ ನುಸುಳಿತ್ತು. ಅತ್ತೆ ಕಣ್ಣು ಮುಚ್ಚಿದ್ದರು. ನಿದ್ದೆ ಬಂದವರ ಕಣ್ಣಾಗಿರಲಿಲ್ಲ ಅದು.

"ಅತ್ತೆ."

"ಹ್ಞೂಂ?"

"ಕಂಬಳಿ ಒಳಗೆ ಏನದು?"

"ಕಾಲು," ಎಂದರು ಅತ್ತೆ.

ಸೊಸೆ ಕಂಬಳಿ ಸರಿಸಿದಳು. ಆಪರೇಷನ್ ಆದ ಮೊಣಕಾಲಿನ ಪಕ್ಕಕ್ಕೆ ಒತ್ತಿ, ಹಳೆಯ ಶಾಲೊಂದರಲ್ಲಿ ಸುತ್ತಿದ ಚಾರ್ಜರ್ ಬೆಚ್ಚಗೆ ಮಲಗಿತ್ತು. ಮುಟ್ಟಿದರೆ ಕೈ ಹಿಂದೆಗೆಯುವಷ್ಟು ಸುಡುತ್ತಿತ್ತು. ಗಾಯದ ಗೆರೆಯ ಪಕ್ಕದ ಚರ್ಮ ಅಂಗೈಯಗಲ ಕೆಂಪಾಗಿತ್ತು.

"ಸುಟ್ಟುಕೊಂಡಿದೀರಲ್ಲ ಅತ್ತೆ!"

"ಸುಟ್ಟಿಲ್ಲ ಕಣೆ, ಹಿತವಾಗಿತ್ತು. ಮೋಡ ಆದ್ರೆ ಮೂಳೆ ಒಳಗೆ ಯಾರೋ ಕುಟ್ಟಿದ ಹಾಗಾಗುತ್ತೆ." ಸಿಕ್ಕಿಬಿದ್ದ ಮಗುವಿನ ದನಿ ಅದು. "ಒಂದು ದಿನ ಕೈ ಜೋಲುಬಿದ್ದಾಗ ತಗುಲ್ತು. ಬೆಚ್ಚಗಿತ್ತು. ಅಡುಗೆ ಆದಮೇಲೆ ಒಲೇಲಿ ಉಳಿದ ಕಾವಿಗೆ ನೀರಿಡ್ತಿದ್ದೆನಲ್ಲ, ಹಾಗೇ ಅಂದ್ಕೊಂಡೆ. ಹೇಗೂ ದಂಡವಾಗಿ ಹೋಗೋ ಬಿಸಿ."

"ಬಿಸಿನೀರಿನ ಬ್ಯಾಗ್ ಇದೆಯಲ್ಲ. ಕರೆದಿದ್ರೆ ಕಾಯಿಸಿ ಕೊಡ್ತಿರಲಿಲ್ವಾ?"

"ಕಿವಿಗೆ ಅದು ಹಾಕ್ಕೊಂಡು ಕೂತಿರ್ತೀಯ. ಯಾವ ಯಾವುದಕ್ಕೆ ಅಂತ ಕರೀಲಿ? ಬಚ್ಚಲಿಗೆ ಕರೀತೀನಿ, ನೀರಿಗೆ ಕರೀತೀನಿ. ಇದೊಂದು ಯಾರನ್ನೂ ಎಬ್ಬಿಸದೆ ಸಿಗ್ತಿತ್ತು."

"ನಾನು ಎದ್ದಾಗ ಕೆಳಗಿಡ್ತಿದ್ರಾ?"

"ತಂತಿ ಹಿಡಿದು ಮೆಲ್ಲಗೆ ಇಳಿಸ್ತಿದ್ದೆ. ಇವತ್ತು ನೀನು ಬಗ್ಗಿದ್ದೇ ಗೊತ್ತಾಗಲಿಲ್ಲ."

ಸೊಸೆ ಮಂಚದ ಅಂಚಿಗೆ ಕೂತು ಎಲ್ಲ ಬಿಡಿಸಿ ಹೇಳಿದಳು. ಚಾರ್ಜರಿಗೆ ಗಾಳಿ ಬೇಕು, ಶಾಲು ಸುತ್ತಿದರೆ ಅದು ಬೆಂದು ಕರೆಂಟ್ ನಿಲ್ಲಿಸುತ್ತದೆ, ಆಗ ಲ್ಯಾಪ್‌ಟಾಪ್ ಸಾಯುತ್ತದೆ. ಅತ್ತೆ ಕೇಳುತ್ತಲೇ ಹೋದರು. ಫ್ಯಾನ್ ಹಾಕಿದ್ದಕ್ಕೆ ಚಳಿಯಾಗಿ ಇನ್ನೂ ಬಿಗಿಯಾಗಿ ಒತ್ತಿಕೊಂಡಿದ್ದು ನೆನಪಾಗಿರಬೇಕು, ತಲೆ ಎತ್ತಿ ಫ್ಯಾನಿನ ಕಡೆ ನೋಡಿದರು.

"ಅಂದ್ರೆ ಇಷ್ಟು ದಿನ ಮಗಳ ಮನೆಗೆ ನನ್ನ ಗಂಟುಮೂಟೆ ನಾನೇ ಕಟ್ತಿದ್ದೆ ಅನ್ನು," ಎಂದರು.

ಸೊಸೆಗೆ ನಗು ಬಂತು. ಆದರೆ ನಗಲಿಲ್ಲ, ಅತ್ತೆ ನಗುತ್ತಿರಲಿಲ್ಲವಾದ್ದರಿಂದ. ಕೆಂಪಾದ ಕಡೆಗೆ ತಣ್ಣೀರಿನ ಬಟ್ಟೆ ಹಿಡಿದಳು. ಅಷ್ಟರಲ್ಲಿ ಅನ್ನದ ತಳ ಹಿಡಿಯಿತು.

ಸೋಮವಾರ ಮೇಲಧಿಕಾರಿಗೆ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದಳು.

"ನಂಬ್ಲಾ?" ಎಂದರು ಮೇಲಧಿಕಾರಿ.

"ಸುಳ್ಳು ಹೇಳೋದಾಗಿದ್ರೆ ಇದಕ್ಕಿಂತ ನಂಬೋ ಹಾಗಿರೋದು ಹೇಳ್ತಿದ್ದೆ ಮೇಡಂ."

"ಸರಿ. ಇವತ್ತು ಇಡೀ ಚಿತ್ರ ಓಡಿಸಿ. ನಾನು ಈ ಕಡೆಯಿಂದ ನೋಡ್ತಾ ಇರ್ತೀನಿ. ನಿಂತರೆ ಮಾತಿಲ್ಲ, ನಾಳೆಯಿಂದ ಇಲ್ಲಿಗೆ."

ಸೊಸೆ ಚಾರ್ಜರನ್ನು ಮೇಜಿನ ಮೇಲೆ ಬಯಲಿಗಿಟ್ಟಳು. ಬಿಸಿನೀರಿನ ಬ್ಯಾಗ್ ತುಂಬಿ, ಟವೆಲ್ ಸುತ್ತಿ ಅತ್ತೆಗೆ ಕೊಟ್ಟಳು. "ಆರಿದ್ರೆ ಕರೀಬೇಕು."

"ಕರೀತೀನಿ."

"ಈ ಹೆಡ್‌ಫೋನ್ ಒಂದೇ ಕಿವಿಗೆ ಹಾಕ್ತೀನಿ. ಕರೀಲೇಬೇಕು."

"ಕರೀತೀನಿ ಅಂದ್ನಲ್ಲ. ನಿನ್ನ ಕೆಲಸ ನೋಡು ಹೋಗು."

ಹೊರಗೆ ಮೋಡ ಹಾಗೇ ಇತ್ತು. ಆಸ್ಪತ್ರೆಯ ಬಾಗಿಲು ತೆರೆಯಿತು, ಮೊದಲ ಮಹಡಿ ದಾಟಿತು, ಎರಡನೆಯದೂ ದಾಟಿತು. ಲ್ಯಾಪ್‌ಟಾಪಿನ ಫ್ಯಾನ್ ಒಂದೇ ಸಮ ಗುಯ್‌ಗುಟ್ಟುತ್ತಿತ್ತು. ಸೊಸೆ ಒಮ್ಮೆ ತಿರುಗಿ ನೋಡಿದಳು. ಅತ್ತೆ ಮೊಣಕಾಲನ್ನು ಅಂಗೈಯಿಂದ ಉಜ್ಜುತ್ತಿದ್ದರು, ಬ್ಯಾಗ್ ಪಕ್ಕಕ್ಕೆ ಬಿದ್ದಿತ್ತು. ಕಣ್ಣಿಗೆ ಕಣ್ಣು ಸೇರಿದಾಗ ಕೈ ನಿಲ್ಲಿಸಿ, ಕಂಬಳಿ ಎಳೆದುಕೊಂಡು, ಏನಿಲ್ಲ ಎಂಬಂತೆ ತಲೆಯಾಡಿಸಿದರು.

ಸೊಸೆ ಏಳಲಿಲ್ಲ. ಎದ್ದು ತಾನೇ ಹೋದರೆ ಇವತ್ತಿಗೆ ಆದೀತು, ನಾಳೆಗಲ್ಲ; ಅತ್ತೆಯೇ ಕರೆಯಬೇಕು. ಪರದೆಯ ಕಡೆ ತಿರುಗಿ ಕೂತಳು. ಬೆನ್ನೆಲ್ಲ ಕಿವಿಯಾಗಿತ್ತು.

"ಮೂರನೇ ಮಹಡಿಗೆ ಬಂತು," ಎಂದರು ಮೇಲಧಿಕಾರಿ ಫೋನಿನಲ್ಲಿ. "ಇಲ್ಲಿ ಗೋಡೆ ಬಣ್ಣ ಸ್ವಲ್ಪ..."

"ಏ ಹುಡುಗೀ!"

ಆಪರೇಷನ್‌ಗೆ ಮುಂಚೆ ಅಂಗಳದಿಂದ ಅಡುಗೆಮನೆಗೆ ಕೇಳುವಂತೆ ಕೂಗುತ್ತಿದ್ದ ದನಿ.

"ನೀರು ಆರಿಹೋಗಿ ಎಷ್ಟು ಹೊತ್ತಾಯ್ತು!"

"ಬಂದೆ ಅತ್ತೆ," ಎಂದು ಸೊಸೆ ಎದ್ದಳು. "ಮೇಡಂ, ಒಂದು ನಿಮಿಷ."

"ಹೋಗಿ ಬನ್ನಿ. ಅದು ಓಡ್ತಾ ಇರುತ್ತೆ, ನಾನು ನೋಡ್ತಿರ್ತೀನಿ," ಎಂದರು ಮೇಲಧಿಕಾರಿ. "ಇನ್ನು ಅಲ್ಲೇ ಇರಿ ನೀವು, ಮನೇಲೇ ಕೂತು ಮಾಡಿ," ಎಂದೂ ಸೇರಿಸಿದರು.

ನೀರು ಕಾಯಲು ನಿಮಿಷಕ್ಕಿಂತ ಹೆಚ್ಚೇ ಹಿಡಿಯಿತು. ಬ್ಯಾಗ್ ತಂದು ಮೊಣಕಾಲಿಗಿಟ್ಟರೆ ಅತ್ತೆ ಮುಖ ಸಿಂಡರಿಸಿದರು.

"ಇಷ್ಟೊಂದು ಕಾಯಿಸ್ತಾರೇನೆ? ಆ ಚಾರ್ಜರೇ ವಾಸಿಯಾಗಿತ್ತು."

ಸೊಸೆ ಇನ್ನೊಂದು ಟವೆಲ್ ತರಲು ಒಳಗೆ ಹೋದಳು.