ಅನುಕೂಲದ ವಸ್ತು

ಟಕ್ — ಐದು ಪಟ್ಟಿಗಳು ಎದೆಯ ಮೇಲೆ ಒಂದೇ ಕಡೆ ಬಂದು ಸೇರುತ್ತವೆ, ಹೊಸ ಬಟ್ಟೆಯ ವಾಸನೆ, ಕುತ್ತಿಗೆಯ ಎರಡೂ ಬದಿಗೆ ಮೆತ್ತನೆಯ ಆಸರೆ, ಜೋಸಿಯ ತಲೆ ನೇರವಾಗಿ ನಿಂತಿದೆ, ಆರು ವರ್ಷದ ನನ್ನ ಮಗಳು ಕಾರಿನಲ್ಲಿ ಕೂತು ನನ್ನ ಮುಖವನ್ನು ನೋಡುತ್ತಿರುವುದು ಇದೇ ಮೊದಲು, ಸೀಟಿನ ಬೆನ್ನಿಗೆ ವಿಮಾ ಕಂಪನಿಯ ಚೀಟಿ ಇನ್ನೂ ಅಂಟಿದೆ, ಮಂಜೂರಾಗಿದೆ ಎಂದು, ಗಂಡ ವೇನ್ ಅದನ್ನು ಕೀಳಲು ಉಗುರು ಹಾಕಿದ, ಬಿಡು ಅಂದೆ, ಅದು ಅಲ್ಲೇ ಇರಲಿ, ಅದರ ಫೋಟೊ ತೆಗೆದು ಡಾಕ್ಟರ್ ಕ್ರಾಂಡಲ್‌ಗೆ ಕಳಿಸುತ್ತೇನೆ, ಅವನ ಮನೆಯ ವಿಳಾಸ ಹುಡುಕಿಕೊಂಡು ಕಳಿಸುತ್ತೇನೆ, ಬೆಳಗಿನ ಕಾಫಿ ಕುಡಿಯುತ್ತಾ ಲಕೋಟೆ ಒಡೆಯಲಿ — ಬೇಡ ಡೋರೀನ್, ಗೆದ್ದಾಯ್ತಲ್ಲ, ಸಾಕು ಬಿಡು, ಅನ್ನುತ್ತಾನೆ ವೇನ್, ಸ್ಟಿಯರಿಂಗ್ ಹಿಂದೆ ಕೂತು, ನನ್ನ ಕಡೆ ನೋಡದೆ. ಸಾಕು ಅನ್ನುವುದು ಇವನಿಗೆ ಎಷ್ಟು ಸಲೀಸು. ನವೆಂಬರಿನಲ್ಲಿ ಮೊದಲ ಪತ್ರ ಬಂದಾಗ ಅದನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ, ಕಾರ್ ಸೀಟು ವೈದ್ಯಕೀಯ ಸಾಧನವಲ್ಲ, ಅನುಕೂಲದ ವಸ್ತು, ಹಣ ಕೊಡಲಾಗದು, ಅಂತೆ, ಯಾರ ಅನುಕೂಲ ರೀ, ಸೆರೆಬ್ರಲ್ ಪಾಲ್ಸಿ ಇರುವ ಮಗು, ಕುತ್ತಿಗೆ ನಿಲ್ಲುವುದಿಲ್ಲ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸೀಟಿನಲ್ಲಿ ಕೂರಿಸಿದರೆ ಗಲ್ಲ ಎದೆಗೆ ಬಿದ್ದು ಉಸಿರಿನ ಕೊಳವೆ ಮಡಚಿಕೊಳ್ಳುತ್ತದೆ, ಅವಳ ಥೆರಪಿಸ್ಟ್ ಪೌಲಾ ಟೇಪು ಹಿಡಿದು ಮಗುವಿನ ಮೈಯನ್ನೆಲ್ಲ ಅಳೆದು ನಾಲ್ಕು ಪುಟ ಬರೆದುಕೊಟ್ಟಳು, ಜನವರಿಯಲ್ಲಿ ಎರಡನೇ ಪತ್ರ, ಅದೇ ಸಾಲು, ಅಲ್ಪವಿರಾಮವೂ ಬದಲಾಗಿಲ್ಲ, ಫೆಬ್ರವರಿಯಲ್ಲಿ ಮೂರನೆಯದು, ಕೆಳಗೆ ಹಾರ್ಲನ್ ಕ್ರಾಂಡಲ್, ಎಂ.ಡಿ., ಎಂದು ರುಜು, ಬಾಲ ಎತ್ತಿದ ಹುಂಜದಂಥ ರುಜು. ಆ ದಿನದಿಂದ ನನಗೆ ಹಸಿವಾಗಲಿಲ್ಲ, ಅಥವಾ ಹಸಿವು ಅಂದರೆ ಬೇರೆಯೇ ಒಂದು ಆಯಿತು. ಫೋನಿನಲ್ಲಿ ಕಂಪನಿಯ ಹುಡುಗಿ ಬ್ರಿಯಾನಾ, ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ ಮೇಡಂ, ನಿಂಗೆ ಮಕ್ಕಳಿದ್ದಾರಾ ಬ್ರಿಯಾನಾ, ಅದೆಲ್ಲ ಹೇಳೋ ಹಾಗಿಲ್ಲ ಮೇಡಂ, ಈ ಕಾಲ್ ರೆಕಾರ್ಡ್ ಆಗ್ತಿದೆ, ಆಗ್ಲಿ, ನಾನೂ ಬರ್ಕೊಳ್ತಾ ಇದೀನಿ — ಆಮೇಲೆ ನಿಯಮ ಓದುವ ದನಿಯಲ್ಲೇ ಹೇಳಿದಳು, ನಿರಾಕರಿಸಿದ ಡಾಕ್ಟರು ಯಾವುದರಲ್ಲಿ ಪರಿಣತರು ಅಂತ ನೀವು ಬರೆದು ಕೇಳಬಹುದು ಮೇಡಂ, ಕೇಳಿದ್ರೆ ನಾವು ಕೊಡಲೇಬೇಕು. ಕೇಳಿದೆ. ಕೊಟ್ಟರು. ಮೊಣಕಾಲಿನ ಡಾಕ್ಟರು. ಇಪ್ಪತ್ತೆಂಟು ವರ್ಷ ಮುದುಕರ ಮೊಣಕಾಲು ಬದಲಾಯಿಸಿ ನಿವೃತ್ತನಾದವನು ನನ್ನ ಮಗಳ ಕುತ್ತಿಗೆಯ ಬಗ್ಗೆ ತೀರ್ಪು ಕೊಟ್ಟಿದ್ದ, ಒಬ್ಬಳೇ ನಿಂತು ನಕ್ಕೆ, ಎಷ್ಟು ನಕ್ಕೆನೆಂದರೆ ಒಳಕೋಣೆಯಲ್ಲಿ ಜೋಸಿಯೂ ನಕ್ಕಳು, ಏನೆಂದು ತಿಳಿಯದೆ.

ಅತ್ತೆ ಆಗ್ನೆಸ್ ಮಾರ್ಚ್ ಕೊನೆಯಲ್ಲಿ ದುಡ್ಡಿನ ಲಕೋಟೆ ತಂದರು. ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಸೇರಿ ಮೀನು ಕರಿದು, ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಬೇಯಿಸಿ ಮಾರಿದ್ದರು, ಅತ್ತೆಯ ಕೋಟಿನಲ್ಲಿ ಇನ್ನೂ ಕರಿದೆಣ್ಣೆಯ ವಾಸನೆ, ಮುಂಗೈಯಲ್ಲಿ ಎಣ್ಣೆ ಸಿಡಿದ ಕಲೆ, ತಗೋಳೇ ಡೋರೀನ್, ಸೀಟಿಗೆ ಸಾಕಾಗುತ್ತೆ, ಮೊದ್ಲು ಮಗು ಕೂರ್ಲಿ. ಬೇಡ ಅತ್ತೆ. ಯಾಕೆ ಬೇಡ. ಅವರೇ ಕೊಡ್ಬೇಕು, ನಾವು ಕೊಂಡ್ಕೊಂಡ್ರೆ ನಾನು ಹಾಕಿರೋ ಕೇಸು ಬಿದ್ದುಹೋಗುತ್ತೆ, ನಾಳೆ ಇನ್ನೊಂದು ಮಗೂಗೂ ಹೀಗೇ ಮಾಡ್ತಾರೆ, ಅಂದೆ, ಚೆನ್ನಾಗಿಯೇ ಅಂದೆ, ಆ ಇನ್ನೊಂದು ಮಗು ಆಗ ತಾನೇ ನೆನಪಾದದ್ದು ಎಂದು ನನಗೆ ಮಾತ್ರ ಗೊತ್ತಿತ್ತು. ಮುಖ ಇಷ್ಟು ಚಿಕ್ಕದಾಯ್ತು ಅತ್ತೆಯದು, ಲಕೋಟೆಯನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡರು, ಜಿಪ್ಪು ಎರಡು ಸಲ ಸಿಕ್ಕಿಕೊಂಡಿತು. ಅವರು ಹೋದಮೇಲೆ ವೇನ್ ಕೇಳಿದ, ನಿಂಗೆ ಸೀಟು ಬೇಕಾ, ಆ ಡಾಕ್ಟರ್ ತಲೆ ಬೇಕಾ. ಎರಡೂ, ಅಂದೆ. ಅವನು ಗ್ಯಾರೇಜಿಗೆ ಹೊರಟುಹೋದ.

ತಲೆ ಸಿಕ್ಕಿತು. ಜೂನಿನಲ್ಲಿ ನನ್ನ ಮೇಲ್ಮನವಿಯ ವಿಚಾರಣೆ, ಕಂಪ್ಯೂಟರಿನ ಪರದೆಯಲ್ಲಿ ಮೂರು ಚೌಕ, ಒಂದರಲ್ಲಿ ರಾಜ್ಯ ಸರ್ಕಾರದ ವಿಚಾರಣಾಧಿಕಾರಿ ಹೆಂಗಸು, ಒಂದರಲ್ಲಿ ನಾನೂ ವೇನೂ, ಇನ್ನೊಂದರಲ್ಲಿ ಅವನು, ಬಿಸಿಲು ಬಿದ್ದ ಕೋಣೆ, ಸಣ್ಣ ಮನುಷ್ಯ, ನಾನು ಅಂದುಕೊಂಡದ್ದಕ್ಕಿಂತ ಸಣ್ಣವನು, ಸಾಮಾನ್ಯ ಸೀಟಿಗೇ ಒಂದು ಟವೆಲ್ ಸುತ್ತಿ ಇಟ್ರೆ ಸಾಕಾಗುತ್ತೆ ಅನ್ಸುತ್ತೆ, ಅಂದ. ತಿಂಗಳುಗಟ್ಟಲೆ ಪಾತ್ರೆ ತೊಳೆಯುತ್ತಾ ಹೇಳಿಕೊಂಡು ಅಭ್ಯಾಸ ಮಾಡಿದ ಮಾತು ಬಾಯಿಗೆ ತಾನಾಗಿ ಬಂತು, ಡಾಕ್ಟರೇ, ಒಂದು ಉಪಕಾರ ಮಾಡಿ, ನಿಮ್ಮ ಗಲ್ಲ ಎದೆಗೆ ಒತ್ತಿ ಹಿಡ್ಕೊಳ್ಳಿ, ಹಾಗೇ ಇದ್ದು ನೀವು ಬರೆದ ಪತ್ರ ಓದಿ. ಕಡ್ಡಾಯವೇನಿಲ್ಲ ಡಾಕ್ಟರ್, ಅಂದಳು ಅಧಿಕಾರಿ. ಜಂಬಕ್ಕೆ ಮಾಡಿದ. ಮೊದಲ ಸಾಲು ಬಂತು, ಎರಡನೆಯದರಲ್ಲಿ ದನಿ ಹಿಸುಕಿಕೊಂಡಿತು, ಮೂರನೆಯದರಲ್ಲಿ ಗೊರಗೊರ, ಪರದೆಯ ತುಂಬ ಅವನ ಬೋಳು ನೆತ್ತಿ, ಕೆಂಪಾಗುತ್ತಿರುವ ನೆತ್ತಿ, ಇನ್ನೂ ಓದಿ ಡಾಕ್ಟರೇ, ನಿಮ್ದು ಒಂದು ನಿಮಿಷ, ಅವಳದು ಥೆರಪಿಗೆ ಹೋಗಿ ಬರೋಕೆ ನಲವತ್ತು, ಅಂದೆ, ಅದು ನನ್ನ ಬದುಕಿನಲ್ಲೇ ರುಚಿಯಾದ ನಿಮಿಷ, ಸುಳ್ಳು ಯಾಕೆ ಹೇಳಲಿ. ಅವನು ಕೆಮ್ಮುತ್ತಾ ತಲೆ ಎತ್ತಿದ. ಆಗ ಅಧಿಕಾರಿ ಕೇಳಿದಳು, ಕಾರಿನಲ್ಲಿ ಮಗುವಿಗೆ ಕೊನೇ ಸಲ ಹೀಗೆ ಉಸಿರು ಕಟ್ಟಿದ್ದು ಯಾವಾಗ. ಏಪ್ರಿಲ್ ಹದಿನೇಳು, ಅಂದೆ. ಬರೆದುಕೊಂಡಳು. ಆ ತಾರೀಖೇ ಗೆಲ್ಲಿಸಿತು, ತೀರ್ಪಿನಲ್ಲಿ ಅದನ್ನೇ ಎರಡು ಸಲ ಬರೆದಿದ್ದಾರೆ. ಮಾರ್ಚಿನಲ್ಲಿ ಲಕೋಟೆ ಬಂದಿತ್ತಾ ಎಂದು ಯಾರೂ ಕೇಳಲಿಲ್ಲ. ವೇನ್ ಮಾತ್ರ ನನ್ನ ಮೊಣಕಾಲ ಮೇಲಿಟ್ಟಿದ್ದ ಕೈ ತೆಗೆದ, ಮೆಲ್ಲಗೆ, ಪರದೆಯಲ್ಲಿ ಕಾಣದ ಹಾಗೆ — ಈಗ ಕಾರು ಹೊರಟಿದೆ, ಮಾರ್ಕೆಟ್ ಸ್ಟ್ರೀಟಿನ ಸಿಗ್ನಲ್ಲು, ಕೆಂಪು, ಹಿಂದೆ ಜೋಸಿ ಏನೋ ಹಾಡಿಕೊಳ್ಳುತ್ತಿದ್ದಾಳೆ, ತಲೆ ನೇರವಾಗಿದೆ, ತಿರುಗಿ ನೋಡಿದರೆ ಕಾಣುತ್ತದೆ, ತಿರುಗಬೇಕು, ಆ ಏಪ್ರಿಲ್ ಹದಿನೇಳರಂದೂ ಇದೇ ಸಿಗ್ನಲ್ಲು, ನಾನೊಬ್ಬಳೇ ಓಡಿಸುತ್ತಿದ್ದೆ, ಮಾತೆಲ್ಲ ಕ್ರಾಂಡಲ್ ಜೊತೆ, ಮನಸ್ಸಿನಲ್ಲೇ, ಅವನನ್ನು ಹೇಗೆ ಬಗ್ಗಿಸಲಿ ಎಂದು, ಕನ್ನಡಿ ನೋಡಿದರೆ ಜೋಸಿಯ ಮುಖ ಇರಲಿಲ್ಲ, ಸದ್ದೂ ಇರಲಿಲ್ಲ, ಓಡಿ ಹೋಗಿ ಬಾಗಿಲು ತೆಗೆದು ಗಲ್ಲ ಎತ್ತಿದೆ, ತುಟಿ ನೇರಳೆ ಬಣ್ಣ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು, ಉಸಿರು ಬಂತು, ಬಂತಲ್ಲ, ಆದರೆ ಅದಕ್ಕೂ ಮೊದಲು, ಕನ್ನಡಿಯಲ್ಲಿ, ಮುಖ ಇರಬೇಕಾದಲ್ಲಿ ಬೈತಲೆ, ಬೆಳಿಗ್ಗೆ ನೀರು ಹಚ್ಚಿ ನಾನೇ ತೆಗೆದ ಬೈತಲೆ, ಬಿಳಿ ಗೆರೆ, ಅಲುಗದ ಗೆರೆ, ಹಸಿರಾಯ್ತು ಅನ್ನುತ್ತಾನೆ ವೇನ್, ಬರೀ ಬೈತಲೆ.