ತುಂಬಿದ ಡಬ್ಬಿ

ಗಂಗಾವತಿಯ ಸೂಜಿ ಕೇಂದ್ರ ಅಂದರೆ ಹಳೆಯ ಅಕ್ಕಿಗಿರಣಿಯ ಹಿಂದಿನ ಒಂದು ಕೋಣೆ. ನಶೆಯ ಮದ್ದು ಚುಚ್ಚಿಕೊಳ್ಳುವವರಿಗೆ ಅಲ್ಲಿ ಹೊಸ ಸೂಜಿ ಕೊಟ್ಟು ಬಳಸಿದ್ದನ್ನು ವಾಪಸ್ ಪಡೆಯುತ್ತಾರೆ. ಒಬ್ಬರ ಸೂಜಿ ಇನ್ನೊಬ್ಬರ ಮೈಗೆ ತಾಗದಿದ್ದರೆ ಎಚ್‌ಐವಿ ದಾಟುವ ದಾರಿ ಮುಚ್ಚಿದಂತೆ. ಕೆಲಸ ಸರಿಯಾಗಿ ನಡೆದಿದೆಯೇ ಎಂದು ನೋಡಿ ವರದಿ ಕೊಡಲು ಅಮೃತಾ ಕೊಪ್ಪಳದಿಂದ ಬಂದಿದ್ದಳು. ವರದಿ ಕೆಟ್ಟರೆ ಕೇಂದ್ರಕ್ಕೆ ಬೀಗ.

ವಾಪಸ್ ಸೂಜಿಯ ಬಿಳಿ ಡಬ್ಬಿ ಬಾಯಿಮಟ ತುಂಬಿತ್ತು. ಕೇಂದ್ರ ನೋಡಿಕೊಳ್ಳುವ ಮುನ್ನಿ ಹಿಗ್ಗಿನಿಂದ ಅದನ್ನು ಮುಂದೆ ಸರಿಸಿದಳು.

"ನೋಡ್ರಿ ಮೇಡಮ್, ನಮ್ಮ ಮಂದಿ ಎಷ್ಟ್ ಶಾಣ್ಯಾ ಆಗ್ಯಾರ!"

ಅಮೃತಾಳಿಗೆ ಸಂತೋಷಕ್ಕಿಂತ ಮೊದಲು ಸಂಶಯ ಬರುವುದು ಹುಟ್ಟುಗುಣ. ಮೇಲಿನ ಒಂದೆರಡು ಸೂಜಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಅವುಗಳ ಮುಚ್ಚಳ ಕಿತ್ತಿರಲಿಲ್ಲ. ನಳಿಗೆಯೊಳಗೆ ಒಂದು ಕಲೆಯೂ ಇರಲಿಲ್ಲ.

"ಇವು ಹೊಸಾವು, ಮುನ್ನಿ."

ಮುನ್ನಿಯ ಮುಖ ಇಳಿಯಿತು. ಬಾಗಿಲ ಬಳಿ ಕೂತಿದ್ದ ಗಾಳೇಶ ಎದ್ದು ಬಂದ. ಕಾರಟಗಿಯ ಗಿರಣಿಯಲ್ಲಿ ಚೀಲ ಹೊರುವ ಹಮಾಲ ಅವನು, ಇಲ್ಲಿಂದ ಸೂಜಿ ಒಯ್ಯುವವರಲ್ಲಿ ಒಬ್ಬ.

"ಆಕಿನ್ನ ಬೈಬ್ಯಾಡ್ರಿ ಅಕ್ಕಾರ. ನಾವ ಹಾಕೀವಿ. ಸಾಲಿಗೆ ಸಾಹೇಬ್ರು ಬರೋ ದಿನ ನಮ್ಮ ಮಾಸ್ತರ್ರು ಬಾಜೂ ಸಾಲಿ ಹುಡುಗೂರ್ನ ತಂದು ಕುಂದರಸ್ತಿದ್ರಲ್ರಿ, ಹಂಗ."

"ಯಾಕಪ್ಪಾ?"

"ವಾಪಸ್ ಸೂಜಿ ಕಡಿಮಿ ಬಂದ್ರ ಈ ಕೇಂದ್ರಾನ ಮುಚ್ಚತಾರಂತ. ನೀವ ಫೋನ್‌ನ್ಯಾಗ ಅಂದಿದ್ರಂತಲ್ರಿ."

ಅಂದಿದ್ದಳು. ಹೋದ ವಾರ ಮುನ್ನಿಗೆ, ಒಳ್ಳೆಯದಕ್ಕೇ. 'ವಾಪಸ್ ಬರೋ ಸೂಜಿನ ಮುಖ್ಯ, ಒಂಚೂರು ನೋಡ್ಕೋರಿ' ಅಂತ. ಪ್ರತಿ ಮಾತನ್ನೂ ತೂಗಿ ಆಡುವವಳು ಇದೊಂದನ್ನು ತೂಗಿರಲಿಲ್ಲ.

"ಹೊಸಾವು ಡಬ್ಬಿಗೆ ಹಾಕಿ, ನೀವೇನ್ ಬಳಸಿದ್ರಿ?"

ಗಾಳೇಶ ಕಾಲಬೆರಳಿನಿಂದ ನೆಲ ಕೆರೆದ. "ಹಳೇವ ತೊಳಕೊಂಡ್ವಿ."

"ಯಾರ್ಯಾರ್ದು?"

"ಎಲ್ಲಾರ್ದೂ."

"ಕಡೀಗೆ ಯಾವಾಗ?"

"ನಿನ್ನೆ ಸಂಜಿಮುಂದ."

"ಅದರ ಮೊದಲ?"

"ವಾರೆಲ್ಲಾ ಹಂಗ ಆತ್ರಿ."

ಸೋಂಕು ತಡೆಯುವ ಗುಳಿಗೆಯನ್ನು ಮೂರು ದಿನದೊಳಗೆ ಶುರು ಮಾಡಬೇಕು. ವಾರದ ಮೊದಲಿನದು ಕೈಮೀರಿರಬಹುದು, ನಿನ್ನೆಯದು ಮೀರಿಲ್ಲ. ಅಮೃತಾ ಬ್ಯಾಗು ಹೆಗಲಿಗೆ ಹಾಕಿದಳು.

"ನಡೀರಿ, ದೊಡ್ಡ ದವಾಖಾನಿಗೆ. ಸೂಜಿ ಹಂಚಿಕೊಂಡವ್ರನ್ನೆಲ್ಲಾ ಕರೀರಿ. ಪರೀಕ್ಷಾನೂ ಆಗಬೇಕು, ಗುಳಿಗಿನೂ ಕೇಳೋಣು."

"ಅಲ್ಲಿ ನಮ್ಮೂರವ್ರು ಯಾರಾರ ನೋಡಿದ್ರ?"

"ಅಕ್ಕನ ಜೋಡಿ ಬಂದೀನಿ ಅನ್ರಿ. ಅಕ್ಕಗ ಆರಾಮಿಲ್ಲ ಅನ್ರಿ." ಸುಳ್ಳೇನಲ್ಲ, ಅವಳ ಎದೆ ಹೊಡೆದುಕೊಳ್ಳುತ್ತಲೇ ಇತ್ತು.

ಗಾಳೇಶ ಅರ್ಧ ನಕ್ಕ. ಹೊಸ್ತಿಲಲ್ಲಿ ಮತ್ತೆ ನಿಂತ. "ಇದನ್ನ ಮುಚ್ಚತಾರೇನ್ರಿ ಅಕ್ಕಾರ?"

"ಮುಚ್ಚಬ್ಯಾಡ್ರಿ ಅಂತ ಬರೀತೀನಿ. ಬರೇ ಡಬ್ಬಿ ನೋಡಿ ಅಳೀಬ್ಯಾಡ್ರಿ ಅಂತಾನೂ ಬರೀತೀನಿ. ನನ್ನ ಫೋನಿನ ಮಾತೂ ಬರೀಬೇಕು. ಕೇಳತಾರೋ ಇಲ್ಲೋ, ಗೊತ್ತಿಲ್ಲ."

ಮುನ್ನಿ ಬೀರು ತೆಗೆದು ಹೊಸ ಸೂಜಿಗಳ ಪೊಟ್ಟಣ ತಂದು ಗಾಳೇಶನ ಅಂಗಿಕಿಸೆಗೆ ತುರುಕಿದಳು.

"ಇವನ್ನರ ಬಳಸೋ ಮಾರಾಯಾ," ಅಂದಳು. "ಡಬ್ಬಿ ಖಾಲಿ ಇದ್ರ ಇರ್ಲಿ."