ಕಪ್ಪೂ ಇಲ್ಲ, ಕಾಸೂ ಇಲ್ಲ

"ಏಳನೇ ಕಲಮು ಇನ್ನೊಂದ್ಸಲ ಓದು," ಎಂದ ಅಣ್ಣ.

ಅವಳು ಅರ್ಜಿಯನ್ನು ಕನ್ನಡಕದ ಹತ್ತಿರ ಹಿಡಿದು ಮೂರನೇ ಸಲ ಓದಿದಳು. "ಗೆದ್ದ ಪಂದ್ಯಾವಳಿಗಳ ವಿವರ. ವರ್ಷ, ಸ್ಥಳ, ಪಡೆದ ಸ್ಥಾನ. ಪ್ರಮಾಣಪತ್ರಗಳ ಪ್ರತಿ ಲಗತ್ತಿಸಬೇಕು."

"ಬರಿ. ಬಂದರಿನ ಹಾಲ್‌ನಲ್ಲಿ ಹದಿನಾಲ್ಕು ಗಂಟೆ ಆಡಿ ಲಾರಿ ಮಾಲೀಕನ್ನ ಸೋಲಿಸಿದ್ದು."

"ಪ್ರಮಾಣಪತ್ರ?"

"ಲಾರೀನೇ ಕೊಡೋಕೆ ಬಂದಿದ್ದ. ನಾನೇ ಬೇಡ ಅಂದೆ."

ಅವಳು ಪೆನ್ನಿಗೆ ಮುಚ್ಚಳ ಹಾಕಿ ಕೌಂಟರಿನ ಮೇಲೆ ಇಟ್ಟಳು. ಭಾನುವಾರದ ಬೆಳಗು. ತಾನು ನಡೆಸುವ ಪೂಲ್ ಹಾಲ್‌ನ ಐದು ಟೇಬಲ್ಲುಗಳ ಹಸಿರು ಬಟ್ಟೆಯನ್ನು ಬ್ರಷ್ಷಿನಿಂದ ಉಜ್ಜಿ, ಕೋಲುಗಳನ್ನು ಗೋಡೆಯ ಚೌಕಟ್ಟಿಗೆ ಸಿಕ್ಕಿಸಿ, ಈಗಷ್ಟೇ ಕೂತಿದ್ದಳು. ಮೊಣಕೈ ಇನ್ನೂ ನೋಯುತ್ತಿತ್ತು. ಅರ್ಜಿ ಕೊಡಲು ನಾಳೆ ಬೆಳಗ್ಗೆ ಹತ್ತು ಗಂಟೆ ಕೊನೆ.

ಊರಿನ ಕ್ರೀಡಾ ತರಬೇತಿ ಕೇಂದ್ರದವರು ಪೂಲ್ ಆಟ ಕಲಿಸಲು ಒಬ್ಬರನ್ನು ಹುಡುಕುತ್ತಿದ್ದರು. ತಿಂಗಳ ಸಂಬಳ, ವಾರಕ್ಕೊಂದು ರಜೆ. ಅಣ್ಣನಿಗೆ ಐವತ್ಮೂರು ವರ್ಷ. ಹದಿನೆಂಟನೆಯ ವಯಸ್ಸಿನಿಂದ ಪಣಕ್ಕೆ ಆಡಿಯೇ ಬದುಕಿದವನು, ಈಗ ಅವನ ಜೊತೆ ಪಣ ಕಟ್ಟುವವರೇ ಇರಲಿಲ್ಲ. ಮುಖ ಕಂಡರೆ ಸಾಕು, ಪರವೂರಿನವರೂ ಕೋಲನ್ನು ಚೀಲಕ್ಕೆ ತುರುಕುತ್ತಿದ್ದರು. ಹಾಲ್‌ನ ಹಿಂದಿನ ಕೋಣೆಯಲ್ಲಿ ಕೂತು ಗಿರಾಕಿಗಳ ಕೋಲಿನ ತುದಿಗೆ ಚರ್ಮ ಅಂಟಿಸಿಕೊಡುತ್ತಿದ್ದ. ತಂಗಿಯ ಮನೆಗೆ ಊಟಕ್ಕೆ ಕರೆದರೆ "ಆಯ್ತು ಕಣೇ, ಈಗ ತಾನೇ" ಎನ್ನುತ್ತಿದ್ದ. ಅಂಥವನು ಮೊನ್ನೆ ತಾನಾಗಿಯೇ ಅರ್ಜಿ ತಂದು ಕೌಂಟರಿನ ಮೇಲಿಟ್ಟು, "ಇದನ್ನ ಸ್ವಲ್ಪ ನೋಡು" ಅಂದಿದ್ದ. ಅವನು ಅವಳನ್ನು ಏನಾದರೂ ಕೇಳಿದ್ದು ಅದೇ ಮೊದಲು.

"ಕೆಳಗೆ ಇನ್ನೊಂದು ಸಾಲಿದೆ," ಎಂದಳು. "ಪ್ರಮಾಣಪತ್ರ ಇಲ್ಲದವರು ಮಾನ್ಯತೆ ಪಡೆದ ಆಟಗಾರರೊಬ್ಬರ ಶಿಫಾರಸು ತರಬಹುದಂತೆ."

ಅಣ್ಣ ಮುಖ ತಿರುಗಿಸಿದ. ಊರಲ್ಲಿ ಮಾನ್ಯತೆ ಪಡೆದ ಆಟಗಾರ ಇದ್ದದ್ದು ಒಬ್ಬನೇ. ಅವಳ ಗಂಡ.

ಗಂಡ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತ. ಹತ್ತೊಂಬತ್ತು ಕಪ್ ಗೆದ್ದವನು. ಕಪ್ಪುಗಳು ಮನೆಯ ಗಾಜಿನ ಬೀರುವಿನಲ್ಲಿದ್ದವು; ತಿಂಗಳಿಗೊಮ್ಮೆ ಅವನ್ನು ಒರೆಸುವವಳು ಅವಳು. ಅವರ ಮದುವೆಗೆ ಎಷ್ಟು ವಯಸ್ಸೋ ಹಾಲ್‌ನಲ್ಲಿನ ಆ ವಾದಕ್ಕೂ ಅಷ್ಟೇ ವಯಸ್ಸು: ಇಬ್ಬರಲ್ಲಿ ದೊಡ್ಡ ಆಟಗಾರ ಯಾರು? ಪಕ್ಕದ ಅಂಗಡಿಯ ದರ್ಜಿ ಕಪ್ಪಿನ ಪಕ್ಷ. ನಿವೃತ್ತ ಪೋಸ್ಟ್‌ಮ್ಯಾನ್ ಪಣದ ಪಕ್ಷ. "ಪಣದಾಟದಲ್ಲಿ ಎದುರಾಳೀನ ನಾವೇ ಆರಿಸ್ಕೋಬಹುದು. ಕುರಿ ಹುಡುಕಿ ಕಡಿಯೋದು ಬೇಟೆನಾ? ಟೂರ್ನಮೆಂಟಲ್ಲಿ ಚೀಟಿಯಲ್ಲಿ ಯಾರು ಬರ್ತಾರೋ ಅವರ ಜೊತೆ ಆಡ್ಬೇಕು," ಎಂದು ದರ್ಜಿ. "ಏಳು ಗೇಮಿನ ಆಟದಲ್ಲಿ ಗಾಳಿ ಬಂದ ಕಡೆ ಯಾರು ಬೇಕಾದ್ರೂ ತೂರ್ಕೋತಾರೆ. ಮನೆ ಬಾಡಿಗೆ ಟೇಬಲ್ ಮೇಲಿಟ್ಟು ನೂರು ಗೇಮು ಆಡ್ಲಿ, ಆಗ ಗೊತ್ತಾಗುತ್ತೆ," ಎಂದು ಪೋಸ್ಟ್‌ಮ್ಯಾನ್. ಇವರಿಬ್ಬರ ಮಾತು ಕೇಳಿ ಕೇಳಿ ಅವಳ ತಲೆ ಚಿಟ್ಟು ಹಿಡಿದಿತ್ತು. ಒಮ್ಮೆ ಜ್ವರದಲ್ಲಿ ಮಲಗಿದ್ದಾಗಲೂ ಇದೇ ವಾದ ಕನಸಿನಲ್ಲಿ ಬಂದಿತ್ತು.

ಇಷ್ಟಾದರೂ ಭಾವನೆಂಟರು ಒಮ್ಮೆಯೂ ಎದುರಾಬದುರಾ ಆಡಿರಲಿಲ್ಲ. "ಪಂದ್ಯಾವಳಿಗೆ ಹೆಸರು ಕೊಡ್ಲಿ, ಆಡ್ತೀನಿ," ಅನ್ನುವವನು ಗಂಡ. "ತನ್ನ ಜೇಬಿಂದ ದುಡ್ಡು ಇಡ್ಲಿ, ಆಡ್ತೀನಿ," ಅನ್ನುವವನು ಅಣ್ಣ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಡುವೆ ನೊಗ ಹೊತ್ತವಳು ಅವಳು.

ಹನ್ನೊಂದಕ್ಕೆ ಗಂಡ ಬಂದ. ಭಾನುವಾರದ ಅಭ್ಯಾಸಕ್ಕೆಂದೇ ಇಸ್ತ್ರಿ ಮಾಡಿದ ಅಂಗಿ. ಅವಳು ಪೀಠಿಕೆ ಹಾಕದೆ ಅರ್ಜಿಯನ್ನು ಮುಂದೆ ಹಿಡಿದಳು.

"ರೀ, ಇಲ್ಲೊಂದು ನಾಲ್ಕು ಸಾಲು ಬರೆದುಕೊಡಿ."

ಗಂಡ ಓದಿದ. ಮತ್ತೊಮ್ಮೆ ಓದಿದ. "ಏನಂತ ಬರೀಲಿ?"

"ನಿಮ್ಮ ಭಾವ ಚೆನ್ನಾಗಿ ಆಡ್ತಾರೆ ಅಂತ."

"ಶಿಫಾರಸು ಅಂದ್ರೆ ಕಣ್ಣಾರೆ ನೋಡಿದ್ದನ್ನ ಬರೀಬೇಕು ಕಣೇ. ನಾನು ನೋಡಿರೋದನ್ನ ಬರೆಯೋಕಾಗಲ್ಲ."

"ಇಪ್ಪತ್ಮೂರು ವರ್ಷದಿಂದ ಇದೇ ಹಾಲ್‌ನಲ್ಲಿ ಇದೀರಲ್ಲ! ಏನು ನೋಡಿದ್ರಿ ಮತ್ತೆ?"

ಗಂಡ ಅರ್ಜಿಯನ್ನು ಅವಳ ಕಡೆಗೇ ಸರಿಸಿದ. ಹಿಂದಿನ ಕೋಣೆಯ ಬಾಗಿಲಿನಿಂದ ಅಣ್ಣ ಹೇಳಿದ: "ಬಿಡೇ. ಭಾವನೋರ ಸಹಿ ನನಗೂ ಬೇಡ. ಆಟಗಾರರ ಸಂಘದ ಖರ್ಚಲ್ಲಿ ಊರೂರು ಸುತ್ತಿ ಆಡಿದೋರು ಅವರು."

"ನೋಡು, ಇದಕ್ಕೇ ನಾನು—" ಎಂದು ಗಂಡ ಶುರು ಮಾಡಿದ.

ಅಷ್ಟರಲ್ಲಿ ದರ್ಜಿಯೂ ಪೋಸ್ಟ್‌ಮ್ಯಾನೂ ಮೆಟ್ಟಿಲು ಹತ್ತಿ ಬಂದಿದ್ದರು. ವಿಷಯ ಏನೆಂದು ತಿಳಿಯುವ ಮೊದಲೇ ದರ್ಜಿ, "ಅಲ್ಲ, ಟೂರ್ನಮೆಂಟು ಅಂದ್ರೆ ಅದೊಂದು ಒತ್ತಡ..." ಎಂದು ಬಾಯಿ ತೆಗೆದ.

ಅವಳು ಎದ್ದಳು. ಒಂದನೇ ಟೇಬಲ್ಲಿನ ಬಿಳಿ ಚೆಂಡನ್ನು ಎತ್ತಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಕೋಲು ತಾಗುವುದು ಆ ಚೆಂಡಿಗೇ, ಅದಿಲ್ಲದೆ ಆಟವಿಲ್ಲ. ಎರಡನೆಯದರದ್ದನ್ನೂ ಹಾಕಿಕೊಂಡಳು. ಆಗಲೇ ಆಟಕ್ಕೆ ಇಳಿದಿದ್ದ ಇಬ್ಬರು ಬ್ಯಾಂಕಿನವರ ಮುಂದಿನಿಂದಲೂ ಚೆಂಡು ಎತ್ತಿಕೊಂಡಳು. ಐದೂ ಚೆಂಡು ತುಂಬಿದ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೌಂಟರಿನ ಹಿಂದೆ ಕೂತಳು.

"ಇವತ್ತು ಇಲ್ಲಿ ಯಾರೂ ಆಡಲ್ಲ. ಮೊದಲು ನೀವಿಬ್ಬರೂ ಆಡ್ಬೇಕು. ಒಂಬತ್ತು ಗೇಮು ಮೊದಲು ಗೆದ್ದವರು ಗೆದ್ದ ಹಾಗೆ. ಕಪ್ಪೂ ಇಲ್ಲ, ಕಾಸೂ ಇಲ್ಲ."

"ಸುಮ್ಮಸುಮ್ಮನೆ ಆಡೋಕೆ ನಾನೇನು ಚಿಕ್ಕ ಮಗುನಾ?" ಎಂದ ಅಣ್ಣ.

"ಇದಕ್ಕೇನು ಅರ್ಥ?" ಎಂದ ಗಂಡ.

"ಅರ್ಥ ಇಲ್ಲ. ಇಪ್ಪತ್ಮೂರು ವರ್ಷದಿಂದ ನನ್ನ ತಲೆ ತಿಂದದ್ದಕ್ಕೆ ಅರ್ಥ ಇತ್ತಾ?" ಎಂದಳು. ದನಿ ಅವಳಿಗೇ ಅಪರಿಚಿತ ಅನ್ನಿಸುವಷ್ಟು ಮೇಲೇರಿತ್ತು. ಉಳಿದವರ ಕಡೆ ತಿರುಗಿ, "ನೀವೆಲ್ಲ ಹೊರಗೆ. ಗಾಜಿನ ಬಾಗಿಲ ಹಿಂದೆ ನಿಂತು ನೋಡಿ. ಬಾಯಿ ಬಿಟ್ಟವರು ನಾಳೆಯಿಂದ ಈ ಮೆಟ್ಟಿಲು ಹತ್ತೋ ಹಾಗಿಲ್ಲ," ಎಂದಳು.

ಎಲ್ಲರೂ ಹೊರಗೆ ಹೋದರು. ದರ್ಜಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಹೋದ. ಅವಳು ಚೀಲದಿಂದ ಒಂದೇ ಒಂದು ಚೆಂಡು ತೆಗೆದು ಒಂದನೇ ಟೇಬಲ್ಲಿನ ಮೇಲಿಟ್ಟಳು.

ಮೊದಲ ಎರಡು ಗೇಮು ನೋಡಲಾಗದಂತಿದ್ದವು. ಹತ್ತೊಂಬತ್ತು ಕಪ್ಪಿನ ಗಂಡ, ಬಾಯಿ ತೆರೆದು ಕೂತಿದ್ದ ಮೂಲೆಯ ಪಾಕೆಟ್ಟಿಗೂ ಚೆಂಡು ಹಾಕಲಾಗದೆ ಅಂಚಿಗೆ ಹೊಡೆದ. ಲಾರಿ ಮಾಲೀಕನನ್ನು ಸೋಲಿಸಿದ ಅಣ್ಣ ಬಿಳಿ ಚೆಂಡನ್ನೇ ಪಾಕೆಟ್ಟಿಗೆ ಬೀಳಿಸಿದ. ಕೆಲಸಕ್ಕೆ ಬಾರದ ಆಟವನ್ನು ಹೇಗೆ ಆಡಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವಳಿಗೆ ನಗು ಬರಲಿಲ್ಲ, ಸಿಟ್ಟು ಬಂತು. ಈ ಚಂದಕ್ಕೆ ಇಷ್ಟು ವರ್ಷವೇ ಎಂದುಕೊಂಡಳು.

ಆದರೆ ಮೂರನೇ ಗೇಮಿನಲ್ಲಿ ಅಣ್ಣ ಅಂಗಿಯ ತೋಳು ಮಡಚಿದ. ಆಮೇಲೆ ಅವನು ಟೇಬಲ್ಲನ್ನು ಸುತ್ತಿದ ರೀತಿಯೇ ಬೇರೆ. ಆತುರವಿಲ್ಲ, ನಿಲುಗಡೆಯೂ ಇಲ್ಲ. ಚೆಂಡು ಬೀಳುವ ಮೊದಲೇ ಮುಂದಿನ ಹೊಡೆತದ ಜಾಗದಲ್ಲಿ ನಿಂತಿರುತ್ತಿದ್ದ. ಗಂಡ ಕೂತು ನೋಡಿದ. ಮೊದಮೊದಲು ಗಡಿಯಾರ ನೋಡುತ್ತಿದ್ದವನು ಆಮೇಲೆ ಟೇಬಲ್ಲಿನಿಂದ ಕಣ್ಣು ಕೀಳಲಿಲ್ಲ. ಅಣ್ಣ ಆರು, ಗಂಡ ಮೂರು.

ಅಷ್ಟು ಹೊತ್ತಿಗೆ ಸುದ್ದಿ ಹಬ್ಬಿ ಗಾಜಿನಾಚೆ ಇಪ್ಪತ್ತು ಇಪ್ಪತ್ತೈದು ಜನ ಸೇರಿದ್ದರು. ಅವಳು ಹೇಳಿದಂತೆ ಒಬ್ಬರೂ ಉಸಿರೆತ್ತುತ್ತಿರಲಿಲ್ಲ. ಅಣ್ಣ ಕೋಲಿನ ತುದಿಗೆ ಉಜ್ಜುವ ಚಾಕ್ ತೆಗೆದುಕೊಳ್ಳಲು ತಿರುಗಿದವನು ಆ ಕಡೆ ನೋಡಿದ. ಮುಂದಿನ ಹೊಡೆತ ಕೂದಲೆಳೆಯಲ್ಲಿ ತಪ್ಪಿತು. ಅದರ ಮುಂದಿನದು ಅಂಗೈಯಗಲ ತಪ್ಪಿತು. ಕೋಲು ಹಿಡಿದ ಬೆರಳು ಸಣ್ಣಗೆ ನಡುಗುತ್ತಿದ್ದವು. ಒಂದಾದ ಮೇಲೊಂದು ನಾಲ್ಕು ಗೇಮು ಗಂಡನ ಪಾಲಾದವು.

ಆಗ ಗಂಡ ತನ್ನ ಕೋಲನ್ನು ಟೇಬಲ್ಲಿಗೆ ಒರಗಿಸಿ, ಬಾಗಿಲಿಗೆ ಹೋಗಿ, ಗಾಜಿನ ಪೂರ್ತಿ ಅಗಲಕ್ಕೆ ಪರದೆ ಎಳೆದ.

"ಯಾಕೆ ಎಳೆದ್ರಿ?" ಎಂದಳು.

"ಬಿಸಿಲು ಕಣ್ಣಿಗೆ ಹೊಡೀತಿದೆ."

ಆ ಬಾಗಿಲಿಗೆ ವರ್ಷವಿಡೀ ಬಿಸಿಲು ಬಿದ್ದದ್ದಿಲ್ಲ. ಎದುರಿಗೆ ಐದು ಮಹಡಿಯ ಗೋದಾಮು. ಅವಳು ಗಂಡನನ್ನು ನೋಡಿದಳು, ಅಣ್ಣನನ್ನು ನೋಡಿದಳು. ಅಣ್ಣ ಕುರ್ಚಿಯಲ್ಲಿ ಕೂತುಬಿಟ್ಟಿದ್ದ.

"ಹೇಳಿಬಿಡಿ ಭಾವ," ಎಂದ.

"ಏನು ಹೇಳೋದು? ನಿಮ್ಮ ಸರದಿ, ಆಡಿ."

"ಇವಳಿಗೆ ಹೇಳಿಲ್ವಾ ನೀವು? ಇಷ್ಟು ವರ್ಷ?" ಅಣ್ಣ ತಂಗಿಯ ಕಡೆ ತಿರುಗಿದ. "ನಿನ್ನ ಮದುವೆಯಾದ ಮರುವರ್ಷ ದೊಡ್ಡ ಟೂರ್ನಮೆಂಟಿಗೆ ಹೆಸರು ಕೊಟ್ಟಿದ್ದೆ ಕಣೇ. ಯಾರಿಗೂ ಹೇಳ್ದೆ ಹೋಗಿದ್ದೆ. ಪಕ್ಕದ ಟೇಬಲ್ಲಲ್ಲಿ ಇವರು. ಮೈಕಲ್ಲಿ ನನ್ನ ಹೆಸರು ಕೂಗಿದ್ರು. ಪಣದಾಟದಲ್ಲಿ ಜನ ಬೈತಾರೆ, ಕಿರುಚ್ತಾರೆ, ಕಾಲು ಕೆರೆದು ಜಗಳ ತೆಗೀತಾರೆ. ಅದು ನನಗೆ ಅಭ್ಯಾಸ. ಅಲ್ಲಿ ಸುತ್ತ ಕೂತವರು ಸುಮ್ಮನೆ ನೋಡ್ತಾ ಇದ್ರು. ಸುಮ್ಮನೆ. ಕೈ ನಡುಗೋದು ನಿಲ್ಲಲೇ ಇಲ್ಲ, ಸೋತೆ. ಏಳು-ಸೊನ್ನೆ."

"ಏಳು-ಸೊನ್ನೆ," ಎಂದು ಅವಳೂ ಪುನರುಚ್ಚರಿಸಿದಳು.

"ವಾಪಸ್ ಬರುವಾಗ ಇವರು ಬಸ್ಸಲ್ಲಿ ಪಕ್ಕದಲ್ಲೇ ಕೂತ್ಕೊಂಡು ಬಂದ್ರು. ಆರು ಗಂಟೆ. ಒಂದು ಮಾತೂ ಆಡ್ಲಿಲ್ಲ."

ಅವಳು ಗಂಡನ ಕಡೆ ತಿರುಗಿದಳು. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ. "ಇದನ್ನ ಒಂದೇ ಒಂದು ಸಲ ಆ ದರ್ಜಿ ಎದುರು ಹೇಳಿದ್ರೆ ವಾದ ಅವತ್ತೇ ಮುಗೀತಿತ್ತಲ್ರೀ! ನಾನೂ ನೆಮ್ಮದಿಯಾಗಿ ಇರ್ತಿದ್ದೆ!"

"ಮುಗೀತಿತ್ತು," ಎಂದ ಗಂಡ. ಕೋಲಿನ ತುದಿಗೆ ಬೇಕಿಲ್ಲದಿದ್ದರೂ ಚಾಕ್ ಉಜ್ಜಿದ. "ಅವತ್ತು ಆಡಿದ್ದು ಅವರ ಆಟ ಅಲ್ಲ ಕಣೇ. ಅದನ್ನ ಹೇಳಿ ಗೆಲ್ಲೋಕಾಗುತ್ತಾ?" ಟೇಬಲ್ಲಿನ ಕಡೆ ತಿರುಗಿ, "ಆದ್ರೂ ಟೂರ್ನಮೆಂಟು ಟೂರ್ನಮೆಂಟೇ," ಎಂದು ಸೇರಿಸಿದ.

"ಶುರುವಾಯ್ತು," ಎಂದ ಅಣ್ಣ. ಎದ್ದು ಕೋಲು ಹಿಡಿದ.

ಪರದೆಯ ಹಿಂದೆ ಉಳಿದ ಗೇಮುಗಳು ನಡೆದವು. ಗಂಡ ಅಷ್ಟು ನಿಧಾನವಾಗಿ, ಅಷ್ಟು ಯೋಚಿಸಿ ಆಡಿದ್ದನ್ನು ಅವಳು ನೋಡಿರಲಿಲ್ಲ. ಅಣ್ಣನ ಬೆರಳುಗಳು ಮತ್ತೆ ಅವನವೇ ಆಗಿದ್ದವು. ಎಂಟು-ಎಂಟು. ಕೊನೆಯ ಗೇಮಿನಲ್ಲಿ ಗಂಡ, ಗೇಮು ಮುಗಿಸುವ ಒಂಬತ್ತನೇ ಚೆಂಡನ್ನು ಮೂಲೆಗೆ ಗುರಿಯಿಟ್ಟ. ಅದು ಪಾಕೆಟ್ಟಿನ ತುಟಿಗೆ ಬಡಿದು, ಎದುರಿನ ಅಂಚಿಗೆ ಹೋಗಿ, ತಿರುಗಿ ಬಂದು, ಯಾರೂ ಗುರಿಯಿಡದಿದ್ದ ನಡುವಿನ ಪಾಕೆಟ್ಟಿಗೆ ಬಿತ್ತು.

ಮೂವರೂ ಆ ಪಾಕೆಟ್ಟನ್ನೇ ನೋಡಿದರು.

"ಲೆಕ್ಕಕ್ಕಿಲ್ಲ," ಎಂದ ಅಣ್ಣ. "ಕಾಸಿಟ್ಟು ಆಡಿದ್ದಲ್ಲ."

"ಲೆಕ್ಕಕ್ಕಿಲ್ಲ," ಎಂದು ಗಂಡನೂ ಒಪ್ಪಿದ. "ಕಪ್ಪಿಗೆ ಆಡಿದ್ದಲ್ಲ."

ಅವಳು ಎರಡೂ ಕೈಯಿಂದ ಹಣೆ ಹಿಡಿದುಕೊಂಡಳು. ಇಪ್ಪತ್ಮೂರು ವರ್ಷದಲ್ಲಿ ಇವರಿಬ್ಬರು ಒಂದು ಮಾತಿಗೆ ಒಪ್ಪಿದ್ದು ಇದೇ ಮೊದಲು, ಅದೂ ಇದಕ್ಕೆ. ಬಿಳಿ ಹಾಳೆಯೊಂದನ್ನು ಗಂಡನ ಮುಂದೆ ಇಟ್ಟು, ಪೆನ್ನಿನ ಮುಚ್ಚಳ ತೆಗೆದುಕೊಟ್ಟಳು.

ಗಂಡ ಕೌಂಟರಿಗೆ ಬಾಗಿ ಬಹಳ ಹೊತ್ತು ಬರೆದ. ಕಚೇರಿಯ ಕಾಗದಗಳನ್ನು ಬರೆದು ರೂಢಿಯಾದ ದುಂಡಗಿನ ಅಕ್ಷರ. ಬರೆದದ್ದು ನಾಲ್ಕೇ ಸಾಲು. ಅಣ್ಣ ಹೆಗಲ ಮೇಲಿಂದ ಓದಿದ: 'ಇವರೊಂದಿಗೆ ಇಂದು ಹದಿನೇಳು ಗೇಮು ಆಡಿದ್ದೇನೆ. ಒಂಬತ್ತು ನಾನು ಗೆದ್ದೆ. ಅವುಗಳಲ್ಲಿ ಎರಡು ನನ್ನ ಅದೃಷ್ಟದಿಂದ ಬಂದವು. ಕಲಿಯಲು ಬರುವವರನ್ನು ಇವರ ಬಳಿಗೆ ಕಳಿಸಬಹುದು.'

"ಮೂರು," ಎಂದ ಅಣ್ಣ.

"ಯಾವ ಮೂರು?"

"ಅದೃಷ್ಟದ್ದು. ಐದನೇ ಗೇಮಲ್ಲಿ ಆರನೇ ಚೆಂಡು—"

ಇನ್ನೊಂದು ಅಕ್ಷರ ಬೀಳುವ ಮೊದಲು ಅವಳು ಹಾಳೆ ಕಿತ್ತುಕೊಂಡಳು.

ಏಳನೇ ಕಲಮಿನ ಎದುರು ಅಣ್ಣ ತಾನೇ ಪೆನ್ನು ತೆಗೆದುಕೊಂಡು ಬರೆದ. ಪಂದ್ಯಾವಳಿಯ ಹೆಸರು, ವರ್ಷ. 'ಪಡೆದ ಸ್ಥಾನ' ಎಂಬಲ್ಲಿ: ಮೊದಲ ಸುತ್ತಿನಲ್ಲಿ ಸೋಲು.

ಕೇಂದ್ರದವರು ಅಣ್ಣನನ್ನು ಆರು ತಿಂಗಳ ಮಟ್ಟಿಗೆ ಕೆಲಸಕ್ಕೆ ತೆಗೆದುಕೊಂಡರು. ಮುಂದಿನದ್ದು ಆಮೇಲೆ ನೋಡೋಣ ಎಂದರು. ಹಾಲ್‌ನಲ್ಲಿ ದರ್ಜಿ, ಪೋಸ್ಟ್‌ಮ್ಯಾನ್ ಇಬ್ಬರೂ ಆ ಭಾನುವಾರದ ಆಟದ ಮೇಲೆಯೇ ಈಗ ಹೊಸದಾಗಿ ವಾದಿಸುತ್ತಿದ್ದರು. ಪರದೆ ಎಳೆದದ್ದರಿಂದ ಕೊನೆಯ ಗೇಮುಗಳನ್ನು ಯಾರೂ ನೋಡಿರಲಿಲ್ಲ. ಅದು ವಾದಕ್ಕೆ ಇನ್ನಷ್ಟು ಅನುಕೂಲವಾಗಿತ್ತು. ಅವಳು ಕಿವಿಗೆ ಹತ್ತಿ ಇಟ್ಟುಕೊಳ್ಳುವುದನ್ನು ರೂಢಿಸಿಕೊಂಡಿದ್ದಳು.

ಮೂರನೇ ವಾರ, ಅಣ್ಣ ಮರೆತುಹೋಗಿದ್ದ ಕನ್ನಡಕ ಕೊಡಲು ಕೇಂದ್ರಕ್ಕೆ ಹೋದಳು. ಉದ್ದನೆಯ ಕೋಣೆ, ಎರಡು ಟೇಬಲ್ಲು, ಗೋಡೆಗೆ ಸುಣ್ಣದ ವಾಸನೆ. ಅಣ್ಣ ಹೊಸ ಬಿಳಿ ಕ್ಯಾನ್ವಾಸ್ ಶೂ ಹಾಕಿದ್ದ. ಕೇಂದ್ರದವರು ಕೊಟ್ಟಿದ್ದ ಸೀಟಿಯನ್ನು ಏನು ಮಾಡಬೇಕೆಂದು ತಿಳಿಯದೆ ಅಂಗಿಯ ಜೇಬಿನಲ್ಲಿಟ್ಟಿದ್ದ. ಅದರ ದಾರ ಹೊರಗೆ ನೇತಾಡುತ್ತಿತ್ತು. ಹತ್ತು ಹನ್ನೆರಡು ಮಕ್ಕಳು ಗೋಡೆಗೆ ಒರಗಿ ನಿಂತು, ಸದ್ದಿಲ್ಲದೆ ಅವನನ್ನೇ ನೋಡುತ್ತಿದ್ದರು. ಅವಳು ಬಾಗಿಲಲ್ಲೇ ನಿಂತಳು.

ಟೇಬಲ್ಲಿನ ಮೇಲೆ ಬಾಗಿದ್ದ ಎರಡು ಜಡೆಯ ಹುಡುಗಿ ಕೋಲು ಹಿಡಿದುಕೊಂಡೇ ತಲೆಯೆತ್ತಿ ಕೇಳಿದಳು: "ಸರ್, ನೀವು ಎಷ್ಟು ಕಪ್ ಗೆದ್ದಿದೀರಾ?"

"ಒಂದೂ ಇಲ್ಲ," ಎಂದ ಅಣ್ಣ. "ಎಡಗಾಲು ಇನ್ನೂ ಸ್ವಲ್ಪ ಮುಂದೆ ಇಡು."

ಹುಡುಗಿ ಕಾಲನ್ನು ನಾಲ್ಕು ಬೆರಳಿನಷ್ಟು ಮುಂದಕ್ಕೆ ಸರಿಸಿದಳು. ಅಣ್ಣ ಮಂಡಿಗೆ ಕೈ ಊರಿ ನಿಧಾನವಾಗಿ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಅವಳ ಕೋಲಿನ ನೇರವನ್ನು ನೋಡಿದ.